ಸೋಮವಾರದ ಹದಿನಾಲ್ಕು ವೋಲ್ಟು

ಬೆಳಿಗ್ಗೆ ಕೀಲಿ ತಿರುಗಿಸಿದಾಗ ಕಾರು ‘ಟಕ್’ ಎಂದು ಸುಮ್ಮನಾದರೆ ನಮ್ಮ ತಿಪಟೂರು ಸೀಮೆಯಲ್ಲಿ ಎಲ್ಲರೂ ಮೊದಲು ಬೈಯುವುದು ಬ್ಯಾಟರಿಯನ್ನು. ಪಾಪ, ಅದೇನು ಮಾಡೀತು? ಅದಕ್ಕೆ ಊಟ ಹಾಕಿದರೋ ಇಲ್ಲವೋ, ಹಾಕಿದ ಊಟ ಅದರ ಹೊಟ್ಟೆಗೆ ಹೋಯಿತೋ ದಾರಿಯಲ್ಲೇ ಸೋರಿಹೋಯಿತೋ, ಯಾರೂ ಕೇಳುವುದಿಲ್ಲ. ಆಟೋ ಎಲೆಕ್ಟ್ರಿಕ್ ಕೆಲಸಕ್ಕೆ ಹೊಸದಾಗಿ ಇಳಿದಿರುವ ಮಕ್ಕಳೇ, ನಾನು ಜೀವಮಾನವೆಲ್ಲ ಮಾಡಿದ್ದು ಅದೊಂದು ಪ್ರಶ್ನೆ ಕೇಳುವ ಕೆಲಸ. ಎಂಥ ಮಜಾ ಇರುವ ಕೆಲಸ ಗೊತ್ತೇ! ಬೇರೆಯವರಿಗೆ ಕ್ರಿಕೆಟ್ಟಿನ ಕೊನೆಯ ಓವರಿನಲ್ಲಿ ಏನಾಗುತ್ತದೋ ಅದು ನನಗೆ ಮೀಟರಿನ ಮುಳ್ಳು ಅಲ್ಲಾಡಿದಾಗ ಆಗುತ್ತದೆ. ಈಗಲೂ ಆಗುತ್ತದೆ.

ಸೊಂಟ ಬಗ್ಗಿದರೆ ಏಳುವುದಿಲ್ಲ ಎಂದಮೇಲೆ ತಿಪಟೂರು ಬಸ್ ಸ್ಟ್ಯಾಂಡ್ ಹಿಂದಿನ ಗಲ್ಲಿಯಲ್ಲಿದ್ದ ನನ್ನ ಅಂಗಡಿಯನ್ನು ಮುಚ್ಚಿದೆ. ಸಾಮಾನಿನ ಚೀಲವನ್ನು ಮಾತ್ರ ಮನೆಯ ಮೂಲೆಯಲ್ಲಿಟ್ಟುಕೊಂಡೆ. ಹಾಗೆ ಕೂತಿದ್ದ ದಿನಗಳಲ್ಲೇ ಒಂದು ಫೋನು ಬಂತು.

“ಖಲೀಲ್ ಸಾಬ್ರಾ? ನಾನು ಶೆಟ್ಟಿಕೆರೆ ತಾವ್ ತೋಟದ ಮನೆ ಸರೋಜಮ್ಮ. ನಿಮ್ಮಂಗ್ಡಿ ಮುಚ್ಚೈತೆ ಅಂತ ಗೊತ್ತು. ಆದ್ರೂ ನೀವು ಬರ್ಲೇಬೇಕು. ಸೋಮ್ವಾರ ಮಧ್ಯಾಹ್ನ ನಮ್ಮ ಕಾರು ನೋಡಾಕೆ ಗಿರಾಕಿ ಬತ್ತಾನೆ.”

“ಮಾರೋ ಗಾಡಿಗೆ ನಾನ್ಯಾಕಮ್ಮ?”

“ಮಾರೋದು ನಾನಲ್ಲ ಸಾಬ್ರೇ, ನಮ್ಮ ಭಾವ!”

ಆಕೆ ಒಂದೇ ಉಸಿರಿನಲ್ಲಿ ಹೇಳಿದ್ದು ಇಷ್ಟು. ಆಕೆಯ ಗಂಡ ಶಿವಣ್ಣನಿಗೆ ಲಕ್ವ ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಬಿದ್ದುಹೋಗಿದ್ದವು. ವಾರಕ್ಕೆ ಹಲವು ಸಲ ತಿಪಟೂರಿಗೆ ಕರೆತಂದು ವ್ಯಾಯಾಮ ಮಾಡಿಸಬೇಕು. ಬಸ್ಸು ಹತ್ತಿಸಲು ಆಗದು. ಅದಕ್ಕಾಗಿ ಸರೋಜಮ್ಮ ಐವತ್ತು ದಾಟಿದ ಮೇಲೆ ತೆಂಗಿನ ಸಾಲುಗಳ ನಡುವೆ ಕಾರು ಕಲಿತರು. ಒಂದೆರಡು ಮರಕ್ಕೆ ಗುದ್ದಿಯೂ ಕಲಿತರು. ಶಿವಣ್ಣ ಕೋಲು ಹಿಡಿದು ನಿಲ್ಲುವ ಮಟ್ಟಿಗೆ ಬಂದ. ಅಷ್ಟರಲ್ಲಿ ಕಾರು ದಾರಿ ಮಧ್ಯೆ ನಿಲ್ಲಲು ಶುರುಮಾಡಿತು. ಬ್ಯಾಟರಿ ಬದಲಾಯಿಸಿದರು, ಮತ್ತೆ ಬದಲಾಯಿಸಿದರು. ಯಾವ ಅಂಗಡಿಗೆ ಹೋದರೂ ಮೀಟರ್ ಇಟ್ಟು ‘ಚಾರ್ಜಿಂಗ್ ಸರಿಯಾಗಿದೆಯಲ್ಲಮ್ಮ’ ಎನ್ನುತ್ತಾರೆ. ಊರಿಗೆ ಬಂದರೆ ಮತ್ತೆ ಅದೇ ಹಾಡು. ಕೊನೆಗೆ ಶಿವಣ್ಣನ ಅಣ್ಣ ನಂಜಪ್ಪ, ಹೆಂಗಸರ ಕೈಯಲ್ಲಿ ಗಾಡಿ ಉಳಿಯುವುದಿಲ್ಲ, ಮಾರಿಬಿಡೋಣ ಎಂದು ಗಿರಾಕಿ ನೋಡಿದ್ದರು.

“ಕಾರು ಹೋದ್ರೆ ನಮ್ಮೆಜಮಾನ್ರು ತಿರ್ಗಾ ಮಂಚ ಹಿಡೀತಾರೆ ಸಾಬ್ರೇ. ಅಷ್ಟೇ ನಂಗೆ ಗೊತ್ತಿರೋದು.”

“ಬತ್ತೀನಿ ಬುಡಮ್ಮ,” ಎಂದೆ. ಫೋನು ಇಡುವ ಮೊದಲು ಯಾವ ಕಾರು ಎಂದು ಕೇಳಿಕೊಂಡೆ. ನನ್ನ ಹೆಂಡತಿ ಅಡುಗೆಮನೆಯಿಂದಲೇ, “ನಿನ್ನೆ ತಾನೇ ಸೊಂಟ ಸೊಂಟ ಅಂತಿದ್ರಿ,” ಎಂದಳು. ನನಗೆ ಸೊಂಟವಿರುವುದೇ ಮರೆತುಹೋಗಿತ್ತು! ಅಂಗಡಿಯಲ್ಲಿ ಸರಿ, ಮನೆಯಲ್ಲಿ ಕೆಡುತ್ತದೆ! ಇಂಥ ಕೇಸು ಅಷ್ಟು ಸುಲಭಕ್ಕೆ ಸಿಗುವುದಿಲ್ಲ.

ಸೋಮವಾರ ಬೆಳಿಗ್ಗೆ ಬಸ್ಸಿನ ಕಿಟಕಿ ಪಕ್ಕ ಕೂತು, ಹಳೆಯ ಕೇಸುಗಳನ್ನೆಲ್ಲ ಒಂದೊಂದಾಗಿ ಮನಸ್ಸಿಗೆ ತಂದುಕೊಂಡೆ. ಹೊಸ ರೋಗಕ್ಕೆ ಹಳೆಯ ರೋಗಿಗಳೇ ನನ್ನ ಪುಸ್ತಕ.

ಮೊದಲು ನೆನಪಿಗೆ ಬಂದವರು ನನಗೆ ಕೆಲಸ ಕಲಿಸಿದ ಬಾಷಾ ಉಸ್ತಾದ್. ಮಹಾ ಕೋಪಿಷ್ಠರು. ಕೇಳದೆ ಒಂದು ಸ್ಕ್ರೂ ಬಿಚ್ಚಿದರೂ ಕೈಯಲ್ಲಿದ್ದ ಸ್ಪ್ಯಾನರ್ ನಮ್ಮ ಕಾಲ ಬಳಿ ಬಂದು ಬೀಳುತ್ತಿತ್ತು. “ಪೈಲೆ ದೇಖ್, ಬಾದ್ ಮೆ ಖೋಲ್,” ಮೊದಲು ನೋಡು ಆಮೇಲೆ ಬಿಚ್ಚು ಎಂದು ದಿನವೂ ಗುಡುಗುತ್ತಿದ್ದರು. ಆದರೆ ಚಾರ್ಜಿಂಗ್ ನೋಡಲು ಅವರಿಗೆ ಮೀಟರ್ ಬೇಡ. ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ವೈರನ್ನು ಫಟ್ಟನೆ ಕಿತ್ತುಬಿಡುವರು. ಎಂಜಿನ್ ನಿಲ್ಲದಿದ್ದರೆ ಡೈನಮೊ ಸರಿ ಎಂದು ಲೆಕ್ಕ. ಹಳೆಯ ಗಾಡಿಗಳು ಹೇಗೋ ತಡೆದುಕೊಂಡವು. ಡೈನಮೊ ಬದಲು ಆಲ್ಟರ್ನೇಟರ್ ಇರುವ ಗಾಡಿಗಳು ಬಂದ ಮೇಲೆ ಅವರು ಅದೇ ಆಟವನ್ನು ಒಂದು ಹೊಸ ಕಾರಿನ ಮೇಲೆ ಆಡಿದರು. ಒಳಗಿನ ರೆಗ್ಯುಲೇಟರ್ ಸುಟ್ಟು ಹೊಗೆ ಬಂತು. ಉಸ್ತಾದ್ ಆ ಹೊಗೆಯನ್ನೇ ನೋಡುತ್ತ ನಿಂತು, “ನನ್ನ ಕಾಲ ಮುಗೀತು ಕಣೋ, ಮೀಟರ್ ತಗೊಂಡ್ ಬಾ,” ಎಂದರು. ಆ ದಿನ ಬಂದ ಮುಳ್ಳಿನ ಮೀಟರನ್ನು ಕೊನೆಗೆ ನನಗೇ ಕೊಟ್ಟರು. ಈಗಿನ ಗಾಡಿಗಳಲ್ಲಂತೂ ಕಂಪ್ಯೂಟರ್ ಕೂತಿರುತ್ತದೆ. ಎಂಜಿನ್ ಓಡುವಾಗ ಬ್ಯಾಟರಿ ವೈರು ಮುಟ್ಟಿದಿರೋ, ನಾನೂ ಸ್ಪ್ಯಾನರ್ ಎಸೆಯುವವನೇ!

ಆಮೇಲೆ ನೊಣವಿನಕೆರೆಯ ರಂಗಪ್ಪ. ಅವರ ಜೀಪಿನ ಸೆಲ್ಫ್ ಎತ್ತುತ್ತಿರಲಿಲ್ಲ. ಫೋನಿನಲ್ಲಿ ಎಲ್ಲ ಕೇಳಿ, “ಅರ್ತ್ ಆಗಿಲ್ಲ ಅಂತ ಕಾಣ್ತದೆ ರಂಗಪ್ಪೋರೇ,” ಎಂದೆ. ಎಂಜಿನ್ನಿನಿಂದ ಗಾಡಿಯ ಮೈಗೆ ಕರೆಂಟ್ ಒಯ್ಯುವ ಅರ್ತ್ ಪಟ್ಟಿ ತುಕ್ಕು ಹಿಡಿದಿರಬೇಕು ಎಂಬುದು ನನ್ನ ಅನುಮಾನ. ಅವರು ತಾಳ್ಮೆಯಿಂದ, “ಅರ್ಥ ಆಗ್ಲಿಲ್ವಾ? ಇರ್ಲಿ, ಇನ್ನೊಂದ್ಸಲ ಹೇಳ್ತೀನಿ ಕೇಳಿ,” ಎಂದು ಮೊದಲಿನಿಂದ ಪೂರ್ತಿ ಕತೆ ಹೇಳಿದರು. ನಾನು “ಅಲ್ಲ ಕಣ್ರೀ, ಅರ್ತ್ ಆಗಿಲ್ಲ!” ಎಂದು ಕೂಗಿದೆ. ಅವರು “ಸಾಬ್ರೇ, ನಿಮ್ಗೆ ಕಿವಿ ಮಂದನಾ?” ಎಂದು ಇನ್ನೂ ಜೋರಾಗಿ ಮತ್ತೊಮ್ಮೆ ಶುರುಮಾಡಿದರು. ಕೊನೆಗೆ ಬಸ್ಸು ಹತ್ತಿ ಹೋಗಿ ಆ ಪಟ್ಟಿಯನ್ನು ಅವರ ಕೈಗೇ ಕೊಟ್ಟೆ. ಹಿಡಿದರೆ ಪುಡಿಯಾಯಿತು. “ಓ, ಇದಾ ಅರ್ತ್! ಈಗ ಅರ್ಥ ಆಯ್ತು,” ಎಂದು ನಕ್ಕರು. ಅಂದಿನಿಂದ ನಾನು ಫೋನಿನಲ್ಲಿ ಅರ್ತ್ ಎನ್ನುವುದಿಲ್ಲ, ‘ಕರಿ ಪಟ್ಟಿ’ ಎನ್ನುತ್ತೇನೆ.

ದಬ್ಬೇಘಟ್ಟದ ಒಂದು ಕೇಸು ನೆನೆದರೆ ಬಸ್ಸಿನಲ್ಲೂ ನಗು ತಡೆಯಲಾಗಲಿಲ್ಲ. ಅಲ್ಲಿನ ರೈತರೊಬ್ಬರಿಗೆ ನಾನೇ ಹೇಳಿದ್ದೆ, ಬ್ಯಾಟರಿಗೆ ಬೋರ್‌ವೆಲ್ ನೀರು ಹಾಕಬೇಡಿ, ಅದು ಗಡಸು, ಶುದ್ಧವಾದ ಡಿಸ್ಟಿಲ್ಡ್ ವಾಟರೇ ಹಾಕಿ ಎಂದು. ಮುಂದಿನ ಸಲ ನೋಡಿದರೆ ಬ್ಯಾಟರಿಯ ಮುಚ್ಚಳ ತೆಗೆಯುತ್ತಲೇ ನೊರೆ, ಹುಳಿ ವಾಸನೆ.

“ಏನ್ ಹಾಕಿದ್ರಿ ಇದಕ್ಕೆ?”

“ಆ ನೀರು ಅಂಗ್ಡೀಲಿ ಸಿಗ್ಲಿಲ್ಲ. ಎಳ್ನೀರು ಹಾಕ್ದೆ ಕಣ್ರೀ. ಮಣ್ಣು ಮುಟ್ಟಿಲ್ಲ, ಗಾಳಿ ಮುಟ್ಟಿಲ್ಲ, ಮರದ್ ಮ್ಯಾಲೆ ಸೀಲ್ ಆಗಿರೋ ನೀರು. ಅದ್ಕಿಂತ ಶುದ್ಧ ಇನ್ಯಾವ್ದೈತೆ?”

ಜೊತೆಗೆ ಅವರು, ಅದು ಬಾವಿ ಪಕ್ಕದ ಒಳ್ಳೆಯ ಮರದ್ದು, ಹಾಳುಮೂಳು ಮರದ್ದಲ್ಲ ಎಂದೂ ಸೇರಿಸಿದರು. ಆ ಬ್ಯಾಟರಿಗೆ ಅಲ್ಲಿಯೇ ಕೈಮುಗಿದು ಬಂದೆ.

ಶೆಟ್ಟಿಕೆರೆಯಲ್ಲಿ ಇಳಿದು ತೋಟದ ದಾರಿ ಹಿಡಿದೆ. ಮನೆ ಮುಂದಿನ ಶೆಡ್ಡಿನಲ್ಲಿ ಸಣ್ಣ ಬಿಳಿ ಕಾರು ನಿಂತಿತ್ತು. ಜಗಲಿಯ ಮೇಲೆ ಕುರ್ಚಿಯಲ್ಲಿ ಶಿವಣ್ಣ, ಪಕ್ಕದಲ್ಲಿ ಕೋಲು. ಸರೋಜಮ್ಮ ಸೆರಗು ಬಿಗಿದು ಕಾಯುತ್ತಿದ್ದರು. ನಂಜಪ್ಪ ಬೀಡಿ ಹಚ್ಚಿ ಕಾರಿನ ಪಕ್ಕದಲ್ಲೇ ನಿಂತಿದ್ದರು.

“ಗೌಡ್ರೇ, ಬೀಡಿ ಆಚೆ. ಬ್ಯಾಟರಿಯಿಂದ ಗ್ಯಾಸ್ ಬತ್ತದೆ, ಕಿಡಿ ತಾಕಿದ್ರೆ ಆಸಿಡ್ಡು ಮುಖಕ್ಕೇ ಹಾರ್ತದೆ.”

ಅವರು ಬೀಡಿ ಎಸೆದು ತುಳಿದರು. “ಸಾಬ್ರೇ, ನೀವು ಬಂದಿದ್ದು ಸಂತೋಷ. ಆದ್ರೆ ಗಿರಾಕಿ ಬತ್ತಾನೆ, ಗಾಡಿ ಹೋಯ್ತದೆ. ಹೋದ್ ಸೋಮ್ವಾರ ಸಾಯಂಕಾಲ ಹುಳಿಯಾರು ರೋಡಲ್ಲಿ ಇದು ನಿಂತೋಯ್ತು. ಒಳಗೆ ನನ್ನ ತಮ್ಮ ಅಲ್ಲಾಡಕ್ಕೂ ಆಗ್ದೆ ಕುಂತವ್ನೆ, ಇವ್ಳು ರೋಡಲ್ಲಿ ನಿಂತು ಲಾರಿಗಳಿಗೆ ಕೈ ಅಡ್ಡ ಹಾಕ್ತಾವ್ಳೆ. ನಂಗೆ ಹೆಂಗಾಗ್ಬೇಡ?”

ಅವರ ಮಾತಿನಲ್ಲಿ ಹುಳುಕಿರಲಿಲ್ಲ. ಅದು ಭಯ. ಸರೋಜಮ್ಮ ಮಾತ್ರ, “ನಿಂತಿದ್ದು ಗಾಡಿ ಭಾವ, ನಾನಲ್ಲ,” ಎಂದರು.

ಬ್ಯಾಟರಿಗೆ ಮೀಟರ್ ಇಟ್ಟೆ. ಮಕ್ಕಳೇ, ಎರಡು ಅಂಕಿ ಬಾಯಿಪಾಠ ಮಾಡಿಕೊಳ್ಳಿ. ನಿಂತ ಗಾಡಿಗೆ ಹನ್ನೆರಡೂವರೆ ವೋಲ್ಟು, ಎಂಜಿನ್ ಓಡುವಾಗ ಹದಿನಾಲ್ಕು. ಇಲ್ಲಿ ಹನ್ನೆರಡಕ್ಕೂ ಗತಿಯಿಲ್ಲ. ಟರ್ಮಿನಲ್ ಬಿಗಿಯಾಗಿದೆ, ಕರಿ ಪಟ್ಟಿ ಗಟ್ಟಿಯಾಗಿದೆ. ಎಲ್ಲ ಆಫ್ ಇರುವಾಗ ಕದ್ದು ಕರೆಂಟ್ ಕುಡಿಯುವುದು ಯಾವುದೂ ಇಲ್ಲ. ಹಾಗಾದರೆ ಸೋರಿಕೆಯಲ್ಲ, ಊಟವೇ ಸಾಲುತ್ತಿಲ್ಲ! ನಂಜಪ್ಪನವರ ಟ್ರ್ಯಾಕ್ಟರನ್ನು ಪಕ್ಕಕ್ಕೆ ತಂದು, ಕೆಂಪಿಗೆ ಕೆಂಪು, ಕರಿ ವೈರನ್ನು ಎಂಜಿನ್ನಿನ ಕಬ್ಬಿಣಕ್ಕೆ ಕಚ್ಚಿಸಿ ಕಾರು ಸ್ಟಾರ್ಟ್ ಮಾಡಿಸಿದೆ. ಟ್ರ್ಯಾಕ್ಟರಿನ ವೈರು ತೆಗೆದು, ಮೀಟರ್ ಹಿಡಿದು, “ಲೈಟು, ಫ್ಯಾನು ಎಲ್ಲ ಹಾಕಮ್ಮ,” ಎಂದೆ.

ಮುಳ್ಳು ಹದಿನಾಲ್ಕರ ಕಡೆ ಒಮ್ಮೆ ನೋಡಿ ಸರ್ರನೆ ಹನ್ನೆರಡಕ್ಕೆ ಇಳಿಯಿತು!

“ಸಿಕ್ತು!” ಎಂದು ಕೂಗಿದೆ. ಕೊಟ್ಟಿಗೆಯ ಹಸು ಬೆದರಿತು.

“ಅಂಗ್ಡೀಲಿ ಎಲ್ಲ ಹಾಕಿದ್ರೂ ಹದ್ನಾಕೇ ತೋರಿಸ್ತಿತ್ತಲ್ಲ ಸಾಬ್ರೇ?” ಸರೋಜಮ್ಮ ಸೀಟಿನಿಂದಲೇ ಕೇಳಿದರು.

“ಅದೇ ತಾನೇ ಮಜಾ!”

“ಮಜಾ ಅಂತೆ,” ಎಂದರು ನಂಜಪ್ಪ. “ಆಲ್ಟರ್ನೇಟ್ರು ಹೋಗೈತೆ ಅನ್ನಿ. ಮಾರೋಕೆ ಇನ್ನೊಂದು ಕಾರಣ ಆಯ್ತು.”

ಆಲ್ಟರ್ನೇಟರ್ ಕೆಟ್ಟಿದೆ ಎಂದು ಬಿಚ್ಚಿಡುವುದು ಬಲು ಸುಲಭ. ಆದರೆ ಕೆಟ್ಟದ್ದು ಅಂಗಡಿಗೆ ಹೋದಾಗ ಮಾತ್ರ ಹೇಗೆ ವಾಸಿಯಾಗುತ್ತದೆ? ಉಸ್ತಾದರ ಗುಡುಗು ಕಿವಿಯಲ್ಲಿ ಕೇಳಿಸಿತು. ಎಂಜಿನ್ ನಿಲ್ಲಿಸಿ, ಕೀಲಿ ತೆಗೆದು ನನ್ನ ಜೇಬಿಗೆ ಹಾಕಿಕೊಂಡೆ. ಎಂಜಿನ್ನಿನಿಂದ ಆಲ್ಟರ್ನೇಟರನ್ನು ತಿರುಗಿಸುವ ಫ್ಯಾನ್ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿದೆ. ಬಿಗಿ ಸರಿಯಾಗಿದೆ. ಆಮೇಲೆ ಬೆಲ್ಟು ಸುತ್ತಿಕೊಂಡಿರುವ ಆಲ್ಟರ್ನೇಟರಿನ ಗಾಲಿ, ಅಂದರೆ ಪುಲ್ಲಿಯನ್ನು ಬೆರಳಿನಿಂದ ತಿರುಗಿಸಿ ನೋಡಿದೆ. ಬಿಗಿಯಾದ ಬೆಲ್ಟಿನೊಳಗೆ ಅದು ತಿರುಗಬಾರದು. ಇದು ಬೆಣ್ಣೆಯಲ್ಲಿ ಬೆರಳಾಡಿಸಿದ ಹಾಗೆ ನುಣ್ಣಗೆ ತಿರುಗಿತು! ಕೈ ಹೊರಗೆ ತೆಗೆದೆ. ಬೆರಳು ಫಳಫಳ ಹೊಳೆಯುತ್ತಿತ್ತು.

ಒಣಗಿದ ಬೆಲ್ಟು ಜಾರಿದರೆ ಕಿರ್ರೋ ಎಂದು ಊರಿಗೆಲ್ಲ ಹೇಳುತ್ತದೆ. ಜಿಡ್ಡು ಹಿಡಿದ ಬೆಲ್ಟು ಕೂಗುವುದಿಲ್ಲ, ಸುಮ್ಮನೆ ಜಾರುತ್ತದೆ. ಆಲ್ಟರ್ನೇಟರ್ ಪೂರ್ತಿ ನಿಂತರೆ ಡ್ಯಾಶ್‌ಬೋರ್ಡಿನ ಕೆಂಪು ದೀಪ ಹತ್ತುತ್ತದೆ, ಬರೀ ಸೋಮಾರಿಯಾದರೆ ಹತ್ತುವುದಿಲ್ಲ. ಹಾಗಾಗಿ ಯಾರಿಗೂ ಗೊತ್ತಾಗಿಲ್ಲ. ಆದರೆ ಈ ಜಿಡ್ಡು ಎಲ್ಲಿಂದ ಬಂತು? ಎಂಜಿನ್ ಆಯಿಲ್ ಸೋರಿದ ಗುರುತು ಎಲ್ಲೂ ಇಲ್ಲ. ಬೆರಳು ಮೂಸಿದೆ. ವಾಸನೆಯೇ ಇಲ್ಲ. ಮತ್ತೆ ಮೂಸಿದೆ. ಏನೂ ಇಲ್ಲ. ವಾಸನೆಯಿಲ್ಲದ ಎಣ್ಣೆ ಯಾವುದಪ್ಪ ಎಂದು ತಲೆ ಕೆರೆದುಕೊಂಡು, ಆಮೇಲೆ ಬೆರಳನ್ನು ನಾಲಿಗೆಗೆ ಹಚ್ಚಿದೆ.

“ಅಯ್ಯೋ, ಥೂ, ಉಗೀರಿ!” ಎಂದರು ನಂಜಪ್ಪ. ಮಕ್ಕಳೇ, ನೀವು ಯಾರೂ ಹೀಗೆ ಮಾಡಬೇಡಿ. ನಾನು ಮಾತ್ರ ಕುಣಿಯುವುದೊಂದು ಬಾಕಿ!

“ಕೊಬ್ಬರಿ ಎಣ್ಣೆ! ಅಮ್ಮಾ, ಇದು ಮನೆ ಕೊಬ್ಬರಿ ಎಣ್ಣೆ!”

ವಾಸನೆ ಹೇಗೆ ಗೊತ್ತಾಗಬೇಕು? ನನ್ನ ತಲೆಯಲ್ಲಿ ಅದೇ ಎಣ್ಣೆ, ಸರೋಜಮ್ಮನ ಜಡೆಯಲ್ಲಿ ಅದೇ, ಹಿಂದಿನ ಅಟ್ಟದ ತುಂಬ ಕೊಬ್ಬರಿ. ನಮ್ಮ ಊರುಗಳಲ್ಲಿ ಗಾಳಿಗೇ ಆ ವಾಸನೆ. ಬೇರೆ ಸೀಮೆಯ ಮೆಕ್ಯಾನಿಕ್ಕಾಗಿದ್ದರೆ ಬಾನೆಟ್ ತೆಗೆಯುತ್ತಲೇ ಹೇಳಿಬಿಡುತ್ತಿದ್ದನೇನೋ. ನಮ್ಮ ಮೂಗಿಗೆ ಅದು ಕಾಣಿಸುವುದೇ ಇಲ್ಲ.

“ಬೆಲ್ಟಿಗೆ ಎಣ್ಣೆ ಹಾಕಿದೋರ್ಯಾರು?” ಎಂದೆ. ಸರೋಜಮ್ಮ ಭಾವನ ಮುಖ ನೋಡಿದರು. ಭಾವ ಆಕೆಯ ಮುಖ ನೋಡಿದರು. ಆಗ ಜಗಲಿಯಿಂದ ಕೋಲು ಕುಟ್ಟಿದ ಸದ್ದಾಯಿತು.

ಶಿವಣ್ಣ ಎಡಗೈ ಎತ್ತಿದ್ದ. “ನಾ... ನು.”

ಅವನ ಕುರ್ಚಿಯ ಕೆಳಗೆ ಒಂದು ಬಟ್ಟಲು, ಅದರಲ್ಲಿ ಎಣ್ಣೆ, ಎಣ್ಣೆಯಲ್ಲಿ ಅದ್ದಿದ ಕೋಳಿ ಪುಕ್ಕ. ಸರೋಜಮ್ಮ ಬಾಯಿಗೆ ಸೆರಗು ಹಿಡಿದರು. ಆಮೇಲೆ ಗಂಡನ ಕೈಸನ್ನೆ ನೋಡುತ್ತ ಅವರೇ ಬಿಡಿಸಿ ಹೇಳಿದರು. ಶಿವಣ್ಣ ಮೊದಲು ಹಿಟ್ಟಿನ ಗಿರಣಿ ನಡೆಸುತ್ತಿದ್ದನಂತೆ. ಅಲ್ಲಿ ಮೋಟರಿನಿಂದ ಕಲ್ಲಿಗೆ ಅಗಲವಾದ ಚರ್ಮದ ಪಟ್ಟಿ. ಚರ್ಮ ಒಣಗಿದರೆ ಬಿರುಕು ಬಿಡುತ್ತದೆ. ಅದಕ್ಕೆ ಗಿರಣಿಗೆ ರಜೆಯಿರುವ ಸೋಮವಾರ ಬೆಳಿಗ್ಗೆ ಪುಕ್ಕದಲ್ಲಿ ಎಣ್ಣೆ ಸವರುವುದು ಅವನ ಪದ್ಧತಿ. ಕಾರಿನ ಬೆಲ್ಟು ರಬ್ಬರಿನದು, ಅದಕ್ಕೆ ಎಣ್ಣೆ ವಿಷ ಎಂದು ಅವನಿಗೆ ಯಾರು ಹೇಳಬೇಕು? ಸೋಮವಾರ ಸರೋಜಮ್ಮ ಹಾಲು ಕರೆಯಲು ಕೂತಾಗ ಅವನು ಕೋಲೂರಿ ಶೆಡ್ಡಿಗೆ ಬಂದು, ಎಡಗೈಯಲ್ಲೇ ಬಾನೆಟ್ ಎತ್ತಿ, ಎಣ್ಣೆ ಸವರಿ ಬರುತ್ತಿದ್ದ.

ನನ್ನ ತಲೆಯಲ್ಲಿ ಎಲ್ಲ ತಾಳೆಯಾಯಿತು! ಸೋಮವಾರ ಎಣ್ಣೆ ಬೀಳುತ್ತದೆ, ಬೆಲ್ಟು ಜಾರುತ್ತದೆ, ಬ್ಯಾಟರಿ ಬರಿದಾಗುತ್ತದೆ. ಯಾರೋ ತಳ್ಳಿ ಸ್ಟಾರ್ಟ್ ಮಾಡಿ ತಿಪಟೂರು ಮುಟ್ಟಿಸುವಷ್ಟರಲ್ಲಿ ಅಷ್ಟು ದೂರದ ಓಟಕ್ಕೆ ಎಣ್ಣೆ ಹಾರಿಹೋಗಿ ಬೆಲ್ಟು ಬಿಸಿಯಾಗಿ ಒಣಗಿರುತ್ತದೆ. ಅಂಗಡಿಯವರ ಮೀಟರ್ ಹದಿನಾಲ್ಕು ತೋರಿಸುತ್ತದೆ. ಅವರು ಹೇಳಿದ್ದೂ ನಿಜ, ಸರೋಜಮ್ಮ ಹೇಳಿದ್ದೂ ನಿಜ. ಅದಕ್ಕೇ ಹೇಳುವುದು, ಗಾಡಿಯನ್ನು ಅದು ಕೆಡುವ ಜಾಗದಲ್ಲಿ, ಕೆಡುವ ದಿನವೇ ನೋಡಬೇಕು. ಯಾರು ಓಡಿಸುತ್ತಾರೆ ಎಂದು ಕೇಳಿದರೆ ಸಾಲದು, ಯಾರು ಪ್ರೀತಿಯಿಂದ ಒರೆಸುತ್ತಾರೆ ಎಂದೂ ಕೇಳಬೇಕು.

“ಯಾಕ್ರೀ ಹೇಳ್ಲಿಲ್ಲ ನಂಗೆ?” ಸರೋಜಮ್ಮ ಗಂಡನ ಮುಂದೆ ಕೂತರು.

ಶಿವಣ್ಣ ಬಾಯಿ ಆಡಿಸಿದ. ಮಾತು ಬರಲು ಬಹಳ ಹೊತ್ತು ಹಿಡಿಯಿತು. “ನಿನ್... ಗಾಡಿ... ನಡೀಲಿ... ಅಂತ.”

ನಂಜಪ್ಪ ಆಚೆ ತಿರುಗಿ ನಿಂತುಬಿಟ್ಟರು. ನಾನು ತೋಳು ಮಡಚಿ, “ಅಮ್ಮ, ಮನೇಲಿ ಸೀಗೆಪುಡಿ ಇದ್ಯಾ?” ಎಂದು ಕೇಳಿದೆ.

ತಲೆಯ ಎಣ್ಣೆ ತೆಗೆಯುವ ಸೀಗೆಪುಡಿ ಪುಲ್ಲಿಯ ಎಣ್ಣೆ ತೆಗೆಯುವುದಿಲ್ಲವೇ? ಹಳೆಯ ಬೆಲ್ಟು ಬಿಚ್ಚಿ ಎಸೆದು, ಬಿಸಿನೀರಲ್ಲಿ ಕಲಸಿದ ಸೀಗೆಪುಡಿ ಹಾಕಿ ಪುಲ್ಲಿಗಳನ್ನು ತಿಕ್ಕಿ ತಿಕ್ಕಿ ತೊಳೆದೆವು. ನಂಜಪ್ಪನವರೇ ಪಂಚೆ ಎತ್ತಿ ಕಟ್ಟಿ ನೀರು ಹೊಯ್ದರು. ಒರೆಸಿ ಒಣಗಿಸಿ, ಚೀಲದಲ್ಲಿ ತಂದಿದ್ದ ಹೊಸ ಬೆಲ್ಟು ಏರಿಸಿ ಬಿಗಿ ಮಾಡಿದೆ. ಟ್ರ್ಯಾಕ್ಟರಿನಿಂದ ಮತ್ತೆ ವೈರು ಕೊಟ್ಟು ಸ್ಟಾರ್ಟ್ ಮಾಡಿಸಿದೆ. ಲೈಟು, ಫ್ಯಾನು, ವೈಪರು, ಹಾರ್ನು, ಇದ್ದಬದ್ದದ್ದೆಲ್ಲ ಹಾಕಿಸಿದೆ. ಮುಳ್ಳು ಹದಿನಾಲ್ಕರ ಮೇಲೆ ಕೂತಿತು. ಕೂತದ್ದು ಏಳಲಿಲ್ಲ! ಸರೋಜಮ್ಮ ಹಾರ್ನು ಬಿಡಲೇ ಇಲ್ಲ.

ನಂಜಪ್ಪ ಅಷ್ಟು ದೂರ ಹೋಗಿ ಫೋನು ಮಾಡಿದರು. ಅವರ ಗಂಟಲು ದೊಡ್ಡದು, ನಮಗೆಲ್ಲ ಕೇಳಿಸಿತು. “ಬರ್ಬ್ಯಾಡ ಕಣಯ್ಯ. ಗಾಡಿ ಕೊಡಲ್ಲ. ಏನಾಗಿತ್ತಾ? ಏನೂ ಆಗಿರ್ಲಿಲ್ಲ, ನಮ್ ಸರೋಜ ಸರ್ಯಾಗೇ ಓಡಿಸ್ತಿದ್ಲು.”

ಕಾರು ಉಳಿಯಿತು. ಆದರೆ ನಾನು ಕೈ ತೊಳೆದು ಬರುವಷ್ಟರಲ್ಲಿ ಶಿವಣ್ಣ ಎಣ್ಣೆಯ ಬಟ್ಟಲನ್ನು ಕೋಲಿನಿಂದ ದೂರ ತಳ್ಳಿ ತಲೆ ತಗ್ಗಿಸಿ ಕೂತಿದ್ದ. ಕಾರಿಗೆ ಅವನು ಮಾಡುತ್ತಿದ್ದ ಒಂದೇ ಕೆಲಸವನ್ನು ನಾನು ಕಿತ್ತುಕೊಂಡಿದ್ದೆ. ಚೀಲ ಕಟ್ಟುವವನು ನಿಲ್ಲಿಸಿದೆ. ಉಸ್ತಾದರ ಮುಳ್ಳಿನ ಮೀಟರ್ ತೆಗೆದು, ಒಂದೇ ಕೈಯಲ್ಲಿ ಹಾಕಲು ಬರುವಂತೆ ವೈರಿನ ತುದಿಗಳಿಗೆ ಕಚ್ಚುವ ಕ್ಲಿಪ್ಪು ಸಿಕ್ಕಿಸಿ ಅವನ ತೊಡೆಯ ಮೇಲಿಟ್ಟೆ.

“ಶಿವಣ್ಣ, ಪುಕ್ಕದ ಕೆಲ್ಸ ಮುಗೀತು. ಇನ್ಮೇಲೆ ಇದು. ಸೋಮ್ವಾರ ಸೋಮ್ವಾರ ಅಮ್ಮ ಗಾಡಿ ಸ್ಟಾರ್ಟ್ ಮಾಡ್ತಾರೆ, ನೀವು ಮುಳ್ಳು ನೋಡಿ ನಂಗೆ ಫೋನ್ ಮಾಡ್ಬೇಕು. ಅಮ್ಮ ಹೇಳಿದ್ರೆ ನಾ ಒಪ್ಪಲ್ಲ. ನೀವೇ ಹೇಳ್ಬೇಕು. ಸ್ಟಾರ್ಟ್ ಮಾಡ್ದೆ ನೋಡಿದ್ರೆ ಹನ್ನೆರಡೂವರೆ, ಮಾಡಿ ನೋಡಿದ್ರೆ ಹದಿನಾಲ್ಕು. ಅರ್ಥ ಆಯ್ತಾ?”

ಅವನು ಮೀಟರನ್ನು ಎಡಗೈಯಲ್ಲಿ ಅವುಚಿಕೊಂಡ.

ಮೊದಲ ಸೋಮವಾರ ಫೋನಿನಲ್ಲಿ ಬರೀ ಉಸಿರು. ಹಿಂದಿನಿಂದ ಸರೋಜಮ್ಮ, “ಹೇಳ್ರೀ, ಹೇಳ್ರೀ,” ಎನ್ನುತ್ತಿದ್ದರು. ಬಹಳ ಹೊತ್ತಿನ ಮೇಲೆ “ಹದ್... ನಾ...” ಎಂದು ಬಂತು. “ಹದ್ನಾಲ್ಕಾ? ಭೇಷ್!” ಎಂದು ಕೂಗಿದೆ. ಆಮೇಲಿನ ವಾರಗಳಲ್ಲಿ “ಹದ್ನಾಕು” ಎಂದು ಒಂದೇ ಏಟಿಗೆ ಬರತೊಡಗಿತು. ವ್ಯಾಯಾಮದವರ ಮುಂದೆ ಬಾಯಿ ಬಿಡದವನು ನನಗೆ ಮಾತ್ರ ತಪ್ಪದೆ ವರದಿ ಒಪ್ಪಿಸುತ್ತಾನೆ ಎಂದು ಸರೋಜಮ್ಮ ಹುಸಿಮುನಿಸು ತೋರಿಸುತ್ತಾರೆ. ಸೋಮವಾರ ಬೆಳಿಗ್ಗೆ ನಾನು ಚಹಾ ಲೋಟ ಹಿಡಿದು ಫೋನಿನ ಪಕ್ಕದಲ್ಲೇ ಕೂರುತ್ತೇನೆ.

ಈ ಸೋಮವಾರವೂ ಫೋನು ಬಂತು.

“ಹನ್ನೆರ್ಡೂವರೆ,” ಎಂದ ಶಿವಣ್ಣ.

ಚಹಾ ಅಂಗಿಯ ಮೇಲೆ ಚೆಲ್ಲಿತು. “ಹನ್ನೆರಡೂವರೆನಾ! ಬೆಲ್ಟು ನೋಡಿ, ಎಣ್ಣೆ ಏನಾದ್ರೂ... ಇರಿ, ಬಸ್ಸಿಗೆ ಹೊರಟೆ, ಈಗ್ಲೇ ಬತ್ತೀನಿ!” ಎಂದು ಚೀಲಕ್ಕೆ ಕೈಹಾಕಿದೆ.

ಆ ಕಡೆಯಿಂದ ನಗು ಕೇಳಿಸಿತು. ಸರೋಜಮ್ಮನದಲ್ಲ, ಗಂಡಸಿನದು. ನಾನು ಅದುವರೆಗೆ ಕೇಳಿರದ ನಗು.

“ಗಾಡಿ... ಇನ್ನೂ... ಸ್ಟಾರ್ಟೇ ಮಾಡಿಲ್ಲ ಕಣ್ರೀ... ಸಾಬ್ರೇ,” ಎಂದ ಶಿವಣ್ಣ. “ಅರ್ಥ... ಆಯ್ತಾ?”